ಸ್ಪ್ರಿಂಗ್‌ಫೀಲ್ಡಿನ ಒಂದು ವಕೀಲಸಂಸ್ಥೆಯ ಪೂರ್ವಪುರುಷರು

ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲೊಂದಾದ ಇಲಿನಾಯಿಯ ರಾಜಧಾನಿ ಸ್ಪ್ರಿಂಗ್‌ಫೀಲ್ಡ್ ನಗರದಲ್ಲಿ ಬ್ರೌನ್, ಹೇ ಮತ್ತು ಸ್ಟೀವನ್ಸ್ ಎಂಬ ಹೆಸರಿನ ವಕೀಲಸಂಸ್ಥೆಯೊಂದುಂಟು. ಅದು ತನ್ನ ಹುಟ್ಟನ್ನು ೧೮೨೮ನೆಯ ಇಸವಿಯಿಂದ ಎಣಿಸುತ್ತದೆ. ಅರಸುಮನೆತನಗಳಿಗೆ ವಂಶಾವಳಿಯೂ ಮಠಗಳಿಗೆ ಗುರುಪರಂಪರೆಯೂ ಇರುವುದು ಎಲ್ಲರೂ ಬಲ್ಲ ಸಂಗತಿ. ವಕೀಲರ ಕಛೇರಿಗೂ ಅಂಥದೊಂದು ಪರಂಪರೆಯಿರಬಹುದೆಂಬುದು, ಅದರ ಕವಲುಗಳನ್ನು ದಾಖಲೆಗಳ ಸಹಾಯದಿಂದ ಗುರುತಿಸಬಹುದೆಂಬುದು, ಅಷ್ಟಾಗಿ ಗಮನಕ್ಕೆ ಬಂದ ವಿಷಯವಲ್ಲ. ಈ ಸಂಸ್ಥೆಯ ಪೂರ್ವಪುರುಷರಲ್ಲಿ ಅಬ್ರಹಾಂ ಲಿಂಕನ್ನನೂ ಒಬ್ಬನಾದುದರಿಂದ ಅದರ ಹೆಸರು ಚರಿತ್ರೆಯಲ್ಲಿ ನಿಂತಿತು. ಅದೇ ಕಾರಣದಿಂದ ಉಳಿದವರ ಹೆಸರುಗಳು ಮಸುಳಿಸಿದುವು. ಲಿಂಕನ್ನನು ಈ ಮೂಲಸಂಸ್ಥೆಯಲ್ಲಿದ್ದುದು ನಾಲ್ಕೇ ವರ್ಷ. ಸಂಸ್ಥೆಯನ್ನು ಹುಟ್ಟಿಸಿದವನು ಬೇರೊಬ್ಬ. ಲಿಂಕನ್ನನನ್ನು ನುರಿತ ವಕೀಲನನ್ನಾಗಿ ತಿದ್ದಿದವನು ಮತ್ತೊಬ್ಬ. ಅವನ ಬಾಳಿನ ವೃತ್ತಾಂತವನ್ನು ಅಳಿಯದಂತೆ ಕೂಡಿಹಾಕಿದವನು ಮೂರನೆಯವ. ಈ ಮೂವರಿಗೆ ಸಲ್ಲಬೇಕಾದ ಗೌರವವು ಎಷ್ಟು, ಅದು ಯಾವುದಕ್ಕಾಗಿ ಸಲ್ಲಬೇಕು ಎಂಬುದೇ ಪ್ರಸ್ತುತ ವಿಚಾರ.

ಇಲಿನಾಯ್ ಒಕ್ಕೂಟಕ್ಕೆ ಸೇರಿದುದು ೧೮೧೮ರಲ್ಲಿ. ಸಂಗಮನ್ ಜಿಲ್ಲೆಯ ಮುಖ್ಯಸ್ಥಳವಾಗಿ ಸ್ಪ್ರಿಂಗ್‌ಫೀಲ್ಡ್ ೧೮೨೧ರಲ್ಲಿ ತಲೆಯೆತ್ತಿತು. ೧೮೩೭ರಲ್ಲಿ ಶಾಸನಸಭೆಯು ರಾಜಧಾನಿಯನ್ನು ವ್ಯಾಂಡೇಲಿಯ ಪಟ್ಟಣದಿಂದ ಇಲ್ಲಿಗೆ ತರತಕ್ಕದ್ದೆಂದು ಗೊತ್ತುಮಾಡಿತು. ಎರಡು ವರ್ಷಗಳಲ್ಲಿ ಅದು ನೆರವೇರಿತು. ರಾಜಧಾನಿಯ ಜೊತೆಯಲ್ಲಿ ಸಂಸ್ಥಾನದ ಮುಖ್ಯ ನ್ಯಾಯಸ್ಥಾನವೂ ಒಕ್ಕೂಟದ ನ್ಯಾಯಾಲಯವೂ ಬಂದುವು. ಕೆಸರುಬೀದಿಗಳ ಈ ಸಣ್ಣ ಊರಿನಲ್ಲಿ ಅಷ್ಟು ಮಂದಿ ಸಮರ್ಥ ವಕೀಲರು ನೆರೆದುದಕ್ಕೆ ಬೇರೆ ರಹಸ್ಯವನ್ನು ಹುಡುಕಬೇಕಾದುದಿಲ್ಲ. ನ್ಯಾಯಶಾಸ್ತ್ರವನ್ನು ಕಲಿಯಲು ಆ ಸೀಮೆಯಲ್ಲಿ ವಿದ್ಯಾಲಯಗಳಿರಲಿಲ್ಲವೆಂದೇ ಹೇಳಬಹುದು. ಕಲಿಯಲಿಚ್ಛಿಸುವವನು ಹಿರಿಯ ವಕೀಲನೊಬ್ಬನ ಕಛೇರಿಯನ್ನು ಸೇರಿ, ಅವನ ಪುಸ್ತಕಗಳನ್ನೋದಿ, ಅವನ ದಾವಾಪತ್ರಗಳನ್ನು ನಕಲುಮಾಡಿ, ಕಡೆಗೆ ನ್ಯಾಯಾಧೀಶರಿಂದ ಸನ್ನದನ್ನು ಪಡೆಯುತ್ತಿದ್ದನು. ಇದು ಒಂದು ಬಗೆಯ ಗುರುಕುಲವೆಂದರೆ ಅತಿಶಯೋಕ್ತಿಯಾಗದು. ಆದುದರಿಂದ ಆ ಕಾಲದ ವಕೀಲರ ಕಛೇರಿಯೆಂದರೆ ವ್ಯಾಜ್ಯ ನಡೆಸುವ ಸ್ಥಳ ಮಾತ್ರವಲ್ಲ. ವಿದ್ಯೆಯು ಒಬ್ಬರಿಂದ ಒಬ್ಬರಿಗೆ ಇಳಿದುಬರುತ್ತಿದ್ದ ಸ್ಥಳವೂ ಹೌದು.

ಈ ಪರಂಪರೆಯ ಆದಿಪುರುಷನು ಜಾನ್ ಟಾಡ್ ಸ್ಟೂಅರ್ಟನು. ೧೮೦೭ರಲ್ಲಿ ಕೆಂಟಕಿ ಸಂಸ್ಥಾನದಲ್ಲಿ ಹುಟ್ಟಿ, ಅಲ್ಲಿಯ ಡ್ಯಾನ್‌ವಿಲ್ ಎಂಬ ಊರಿನ ಸೆಂಟರ್ ಕಾಲೇಜಿನಲ್ಲಿ ಓದಿ, ೧೮೨೮ರಲ್ಲಿ ಸ್ಪ್ರಿಂಗ್‌ಫೀಲ್ಡಿಗೆ ಬಂದು ವಕೀಲಿಯನ್ನಾರಂಭಿಸಿದನು. ಸುಸಂಸ್ಕೃತ, ನಯವಂತ, ಪಂಚರ ಮುಂದೆ ಮಾತನಾಡುವುದರಲ್ಲಿ ಕುಶಲ. ರಾಜಕೀಯದಲ್ಲಿ ಅವನು ತೋರುತ್ತಿದ್ದ ಜಾಣತನಕ್ಕಾಗಿ ಎದುರಾಳಿಗಳು ಅವನನ್ನು 'ಜೆರ್ರಿ ಸ್ಲೈ', ಎಂದರೆ ನರಿಬುದ್ಧಿಯವನು, ಎಂದು ಕರೆಯುತ್ತಿದ್ದರು. ೧೮೩೨ರ ಬ್ಲ್ಯಾಕ್ ಹಾಕ್ ಯುದ್ಧದಲ್ಲಿ ಸ್ವಯಂಸೇವಕ ದಂಡಿನಲ್ಲಿದ್ದಾಗ ಲಿಂಕನ್ನನ ಪರಿಚಯವಾಯಿತು. ಲಿಂಕನ್ನನು ಆಗ ನ್ಯೂ ಸೇಲಂ ಎಂಬ ಹಳ್ಳಿಯ ಅಂಗಡಿಯೊಂದರಲ್ಲಿದ್ದ ಬಡ ತರುಣ. ಪಾಠಶಾಲೆಗೆ ಹೋದ ದಿನಗಳನ್ನೆಲ್ಲ ಕೂಡಿಸಿದರೂ ಒಂದು ವರ್ಷವಾಗದು. ಕಾಲೇಜು ಕಂಡ ಸ್ಟೂಅರ್ಟನು ಈತನಲ್ಲಿ ವಕೀಲನಾಗತಕ್ಕ ಯೋಗ್ಯತೆಯನ್ನು ಕಂಡು, ಶಾಸ್ತ್ರವನ್ನೋದುವಂತೆ ಪ್ರೋತ್ಸಾಹಿಸಿ, ತನ್ನ ಪುಸ್ತಕಗಳನ್ನು ಎರವಲಾಗಿ ಕೊಟ್ಟನು.

ಬ್ಲ್ಯಾಕ್‌ಸ್ಟನ್ನನ ವ್ಯಾಖ್ಯಾನಗ್ರಂಥವು ಲಿಂಕನ್ನನ ಕೈಸೇರಿದ ಬಗೆಗೆ ಎರಡು ಕಥೆಗಳು ಪ್ರಚಾರದಲ್ಲಿವೆ. ದಾರಿಹೋಕನೊಬ್ಬನಿಂದ ಕೊಂಡ ಹಳೆಯ ಪೀಪಾಯಿಯ ತಳದಲ್ಲಿ ಅದು ದೊರೆಯಿತೆಂಬುದು ಒಂದು. ಹರಾಜಿನಲ್ಲಿ ಕೊಂಡನೆಂಬುದು ಇನ್ನೊಂದು. ಮೊದಲನೆಯದು ರಮ್ಯವಾಗಿದೆ, ಆದಕಾರಣವೇ ಜನಪ್ರಿಯವಾಗಿದೆ. ೧೮೬೦ರಲ್ಲಿ ಚುನಾವಣೆಯ ಉಪಯೋಗಕ್ಕೆಂದು ಲಿಂಕನ್ನನು ತಾನೇ ಬರೆದುಕೊಟ್ಟ ಸಂಕ್ಷಿಪ್ತ ಆತ್ಮವೃತ್ತದಲ್ಲಿ ಪೀಪಾಯಿಯ ಮಾತಿಲ್ಲ. ಸ್ಟೂಅರ್ಟನಿಂದ ಪುಸ್ತಕಗಳನ್ನು ಎರವಲು ತಂದು ಮನೆಯಲ್ಲಿ ಶ್ರದ್ಧೆಯಿಂದ ಓದಿದ ಸಂಗತಿ ಮಾತ್ರ ಇದೆ. ಅದ್ಭುತ ಕಥೆಗೂ ಸರಳವಾದ ಲಿಖಿತಕ್ಕೂ ಭೇದ ತೋರಿದಲ್ಲಿ ಲಿಖಿತವೇ ಗ್ರಾಹ್ಯವೆಂಬ ನ್ಯಾಯವು ಇಲ್ಲಿಯೂ ಸಲ್ಲುತ್ತದೆ. ಪೀಪಾಯಿಗೆ ಸಂದ ಕೀರ್ತಿಯಲ್ಲಿ ಬಹುಭಾಗವು ಸ್ಟೂಅರ್ಟನ ಪುಸ್ತಕದ ಕಪಾಟಿಗೆ ಸಲ್ಲಬೇಕಾದುದು.

ಸ್ಟೂಅರ್ಟನ ಮೊದಲ ಪಾಲುಗಾರ ಹೆನ್ರಿ ಡಮ್ಮರನು ೧೮೩೭ರಲ್ಲಿ ಬೇರ್ಪಟ್ಟನು. ಆ ಸ್ಥಾನಕ್ಕೆ, ಹಿಂದಿನ ವರ್ಷವಷ್ಟೇ ಸನ್ನದು ಪಡೆದಿದ್ದ ಲಿಂಕನ್ನನನ್ನು ಸ್ಟೂಅರ್ಟನು ತೆಗೆದುಕೊಂಡನು. ಆ ವರ್ಷದ ಏಪ್ರಿಲಿನಲ್ಲಿ ಸಂಗಮೋ ಜರ್ನಲ್ ಪತ್ರಿಕೆಯಲ್ಲಿ ಈ ಜೋಡಿಯ ಪ್ರಕಟಣೆ ಬಂದಿತು. ಹಾಫ್‌ಮನ್ ಸಾಲಿನ ನಾಲ್ಕನೆಯ ಸಂಖ್ಯೆಯ ಕಟ್ಟಡದಲ್ಲಿ, ಕೆಳಗೆ ನ್ಯಾಯಾಲಯ, ಮೇಲೆ ಕಛೇರಿ. ಮರುವರ್ಷ ಸ್ಟೂಅರ್ಟನು ಕಾಂಗ್ರೆಸ್ಸಿನ ಸ್ಥಾನಕ್ಕೆ ನಿಂತು, ಮುಂದೆ ಲಿಂಕನ್ನನ ಪ್ರಸಿದ್ಧ ಪ್ರತಿಸ್ಪರ್ಧಿಯಾದ ಸ್ಟೀಫನ್ ಡಗ್ಲಾಸನನ್ನು ೩೬ ಮತಗಳ ಅಂತರದಿಂದ ಸೋಲಿಸಿದನು. ೧೮೩೯ರ ನವೆಂಬರಿನಲ್ಲಿ ಅವನು ವಾಷಿಂಗ್ಟನ್ನಿಗೆ ಹೊರಟಾಗ ಲಿಂಕನ್ನನು ಸಂಸ್ಥೆಯ ಶುಲ್ಕದ ಪುಸ್ತಕದಲ್ಲಿ ಆ ತಿಂಗಳ ೨ನೆಯ ತೇದಿಯಿಂದ 'ಲಿಂಕನ್ನನ ಆಡಳಿತ' ಆರಂಭವಾಯಿತೆಂದು ವಿನೋದವಾಗಿ ಬರೆದಿಟ್ಟನು. ಇಪ್ಪತ್ತೊಂದು ವರ್ಷಗಳ ಅನಂತರ ಆ ಮಾತಿಗೆ ಬಂದ ಅರ್ಥವನ್ನು ನೆನೆದು ಹಲವು ಚರಿತ್ರಕಾರರು ರೋಮಾಂಚಗೊಂಡಿದ್ದಾರೆ. ಆದರೆ ಆಗಿನ ಆಡಳಿತವು ಅಷ್ಟು ಹೊಗಳಿಕೆಗೆ ತಕ್ಕುದಾಗಿರಲಿಲ್ಲ. ಹಿರಿಯನಿಲ್ಲದ ಕಛೇರಿಯಲ್ಲಿ ಕಿರಿಯನು ಕೆಲಸವನ್ನೇನೋ ನಡೆಸಿದನು; ಕಲಿಸುವವರಿಲ್ಲದುದರಿಂದ ಶಾಸ್ತ್ರಜ್ಞಾನವು ಬೆಳೆಯಲಿಲ್ಲ. ೧೮೪೧ರ ಏಪ್ರಿಲಿನಲ್ಲಿ ಪಾಲುಗಾರಿಕೆ ಸೌಹಾರ್ದದಿಂದಲೇ ಮುಕ್ತಾಯವಾಯಿತು.

ಸ್ಟೂಅರ್ಟನ ಸಂಸ್ಥೆಯು ಅಲ್ಲಿಗೆ ನಿಲ್ಲಲಿಲ್ಲವೆಂಬುದನ್ನು ಲಿಂಕನ್ನನ ಚರಿತ್ರೆಗಳು ಮರೆತುಬಿಡುತ್ತವೆ. ಅವನು ಬೆಂಜಮಿನ್ ಎಡ್ವರ್ಡ್ಸನೊಡನೆ ಕೂಡಿ ಬಹುಕಾಲ ವ್ಯವಹರಿಸಿದನು. ಬಳಿಕ ಅಳಿಯ ಕ್ರಿಸ್ಟಫರ್ ಬ್ರೌನನು ಸೇರಿದನು. ಈಗಿನ ಸಂಸ್ಥೆಯ ಹೆಸರಿನ ಮೊದಲ ಪದವು ಈ ಅಳಿಯನದು. ರಾಜಕೀಯದಲ್ಲಿ ಸ್ಟೂಅರ್ಟನೂ ಲಿಂಕನ್ನನೂ ಕ್ರಮೇಣ ದೂರವಾದರು. ಗುಲಾಮರ ವಿಮೋಚನೆಯ ನೀತಿಯನ್ನು ಸ್ಟೂಅರ್ಟನು ಒಪ್ಪಲಿಲ್ಲ. ೧೮೬೨ರಲ್ಲಿ, ಲಿಂಕನ್ನನು ಅಧ್ಯಕ್ಷನಾಗಿದ್ದಾಗಲೇ, ಅವನು ವಿರೋಧಪಕ್ಷದ ಅಭ್ಯರ್ಥಿಯಾಗಿ ನಿಂತು, ಅಧ್ಯಕ್ಷನ ಆಪ್ತನಾದ ಲೆನರ್ಡ್ ಸ್ವೆಟ್ಟನನ್ನು ಸೋಲಿಸಿ ಕಾಂಗ್ರೆಸ್ಸಿಗೆ ಹೋದನು. ಎರಡು ವರ್ಷಗಳ ತರುವಾಯ ಅವನನ್ನು ಸೋಲಿಸಿದ ಷೆಲ್ಬಿ ಕಲಮನು ಅವನ ಕಛೇರಿಯಲ್ಲಿಯೇ ನ್ಯಾಯಶಾಸ್ತ್ರವನ್ನೋದಿದ ಶಿಷ್ಯ. ಈ ಕಲಮನೇ ಮುಂದೆ ಇಲಿನಾಯಿಯ ಗವರ್ನರನಾಗಿ, ಆಮೇಲೆ ಸೆನೆಟ್ ಸಭೆಯಲ್ಲಿದ್ದು, ರೈಲ್ವೆ ಕಂಪೆನಿಗಳನ್ನು ನಿಯಂತ್ರಿಸುವ ೧೮೮೭ರ ಅಂತಃಸಂಸ್ಥಾನ ವಾಣಿಜ್ಯ ಶಾಸನಕ್ಕೆ ಮುಖ್ಯಕಾರಣನಾದವನು. ಲಿಂಕನ್ನನು ಹತನಾದ ಬಳಿಕ ಅವನ ಸಮಾಧಿಮಂದಿರವನ್ನು ಕಟ್ಟಿಸಿದ ಸಂಘದಲ್ಲಿ ಮುಂದೆ ನಿಂತು ದುಡಿದವರಲ್ಲಿ ಸ್ಟೂಅರ್ಟನೂ ಒಬ್ಬನೆಂಬುದು ಅವನ ಮನಸ್ಸಿನ ದೊಡ್ಡತನಕ್ಕೆ ಸಾಕ್ಷಿ. ೧೮೮೫ರಲ್ಲಿ ಅವನು ತೀರಿಕೊಂಡನು.

ಎರಡನೆಯ ಪೂರ್ವಪುರುಷನು ಸ್ಟೀಫನ್ ಟ್ರಿಗ್ ಲೋಗನ್ನನು. ಈ ಮೂವರಲ್ಲಿ ಶುದ್ಧ ನ್ಯಾಯಶಾಸ್ತ್ರಜ್ಞನೆನಿಸಿಕೊಳ್ಳಲು ಅರ್ಹನಾದವನು ಇವನೊಬ್ಬನೇ. ಜನನ ೧೮೦೦ರಲ್ಲಿ, ಇವನೂ ಕೆಂಟಕಿಯವನು. ೧೮೩೨ರಲ್ಲಿ ಸ್ಪ್ರಿಂಗ್‌ಫೀಲ್ಡಿಗೆ ಬಂದು, ೧೮೩೫ರಿಂದ ೧೮೩೭ರವರೆಗೆ ಸಂಚಾರಿ ನ್ಯಾಯಾಧೀಶನಾಗಿದ್ದನು. ಕುಳ್ಳು ಮೈ, ಒಡಕು ದನಿ, ಉಡುಪಿನಲ್ಲಿ ಅಲಕ್ಷ್ಯ. ಈ ಅನಾಕರ್ಷಕ ಪುರುಷನು ವಾದಕ್ಕೆ ನಿಂತನೆಂದರೆ ಆ ಸೀಮೆಯಲ್ಲಿ ಸರಿಸಮಾನರಿರಲಿಲ್ಲವೆಂದು ಸಮಕಾಲೀನರು ಒಮ್ಮತದಿಂದ ಹೇಳುತ್ತಾರೆ. ಇಂಗ್ಲಿಷ್ ಸಾಮಾನ್ಯನ್ಯಾಯದ ಹಳೆಯ ಪದ್ಧತಿಯಲ್ಲಿ ವಾದಪತ್ರದ ಒಕ್ಕಣೆಯೇ ಮುಖ್ಯ; ಒಂದು ಪದ ತಪ್ಪಿದರೆ ವ್ಯಾಜ್ಯವೇ ಬಿದ್ದುಹೋಗುತ್ತಿದ್ದಿತು. ವ್ಯಾಕರಣದಲ್ಲಿ ಅಪಶಬ್ದವನ್ನು ಸಹಿಸದ ಪಂಡಿತನಂತೆ ಲೋಗನ್ನನು ವಾದಪತ್ರದಲ್ಲಿ ಶಿಥಿಲತೆಯನ್ನು ಸಹಿಸುತ್ತಿರಲಿಲ್ಲ. ಅವನು ಲಿಂಕನ್ನನನ್ನು ಪಾಲುಗಾರನನ್ನಾಗಿ ತೆಗೆದುಕೊಂಡುದು ೧೮೪೧ರಲ್ಲಿ.

೧೮೭೫ರಲ್ಲಿ ಜಾನ್ ನಿಕೊಲೆಯು ಕಂಡು ಮಾತನಾಡಿದಾಗ ಲೋಗನ್ನನು ಕೊಟ್ಟ ಹೇಳಿಕೆ ಉಳಿದುಬಂದಿದೆ. ತನ್ನಲ್ಲಿಗೆ ಬಂದಾಗ ಲಿಂಕನ್ನನ ನ್ಯಾಯಶಾಸ್ತ್ರಜ್ಞಾನ ಬಹು ಅಲ್ಪವಾಗಿದ್ದಿತೆಂದೂ, ಆದರೆ ಕೈಗೆ ಬಂದ ವ್ಯಾಜ್ಯಕ್ಕೆ ಸಂಬಂಧಿಸಿದುದನ್ನೆಲ್ಲ ತಿಳಿದುಕೊಳ್ಳುವ ಹಟ ಅವನಲ್ಲಿದ್ದುದರಿಂದ ಕ್ರಮೇಣ ಸಮರ್ಥ ವಕೀಲನಾದನೆಂದೂ ಅವನು ಹೇಳಿದನು. ಹುತಾತ್ಮನಾದ ಅಧ್ಯಕ್ಷನನ್ನು ದೇಶವೆಲ್ಲ ದೇವರಂತೆ ಹೊಗಳುತ್ತಿದ್ದ ಕಾಲದಲ್ಲಿ, ಹಳೆಯ ಪಾಲುಗಾರನು ಅತಿಶಯೋಕ್ತಿಯಿಲ್ಲದೆ, ಕುಂದನ್ನೂ ಗುಣವನ್ನೂ ತೂಗಿ ಆಡಿದ ಮಾತಿದು. ಲೋಗನ್ನನ ಶಿಕ್ಷಣವೆಂದರೆ ಏನೆಂಬುದು ಇದರಿಂದಲೇ ವಿದಿತವಾಗುತ್ತದೆ. ಮೂರು ವರ್ಷಗಳಲ್ಲಿ ಈ ಜೋಡಿಯು ಸಂಸ್ಥಾನದ ಮುಖ್ಯ ನ್ಯಾಯಸ್ಥಾನದಲ್ಲಿ ಅನೇಕ ವ್ಯಾಜ್ಯಗಳನ್ನು ನಡೆಸಿತು. ೧೮೪೧ರ ದಿವಾಳಿ ಶಾಸನವು ೧೮೪೨ರಲ್ಲಿ ಜಾರಿಗೆ ಬಂದು ೧೮೪೩ರಲ್ಲಿ ರದ್ದಾಗುವುದರೊಳಗೆ, ೧೮೩೭ರ ಆರ್ಥಿಕ ಮುಗ್ಗಟ್ಟಿನಿಂದ ನೆಲಕಚ್ಚಿದ್ದ ಹಲವರ ಅರ್ಜಿಗಳನ್ನು ಒಕ್ಕೂಟದ ನ್ಯಾಯಾಲಯದಲ್ಲಿ ನಡೆಸಿದುದೂ ಉಂಟು. ೧೮೪೪ರಲ್ಲಿ ಲೋಗನ್ನನು ತನ್ನ ಮಗ ಡೇವಿಡನನ್ನು ಪಾಲುಗಾರನನ್ನಾಗಿ ಮಾಡಿಕೊಳ್ಳಬೇಕೆಂದುದರಿಂದ ಇವರಿಬ್ಬರೂ ಬೇರ್ಪಟ್ಟರು.

ಪೂರ್ವಪುರುಷರನ್ನು ಗೌರವಿಸುವಾಗ ಅವರ ದಾಖಲೆಯಲ್ಲಿ ಅಪ್ರಿಯವಾದುದನ್ನು ಮರೆಮಾಡುವುದು ಗೌರವವೆನಿಸದು. ಗುಲಾಮಗಿರಿಗೆ ಸಂಬಂಧಿಸಿದ ಎರಡು ವ್ಯಾಜ್ಯಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡಬಹುದು. ೧೮೪೧ರ ಜುಲೈ ತಿಂಗಳಲ್ಲಿ ತೀರ್ಮಾನವಾದ ಬೇಲಿ ಮತ್ತು ಕ್ರಾಮ್‌ವೆಲ್ ವ್ಯಾಜ್ಯದಲ್ಲಿ ನ್ಯಾನ್ಸ್ ಎಂಬ ಕರಿಯ ತರುಣಿಯ ಮಾರಾಟಕ್ಕೆಂದು ಬರೆದುಕೊಟ್ಟ ಸಾಲಪತ್ರವು ಊರ್ಜಿತವೇ ಎಂಬ ಪ್ರಶ್ನೆಯೆದ್ದಿತು. ಲಿಂಕನ್ನನು ಬೇಲಿಯ ಪರವಾಗಿ ವಾದಿಸಿದನು. ಇಲಿನಾಯಿಯಲ್ಲಿ, ಬೇರೆ ರುಜುವಾತಿಲ್ಲದ ಪಕ್ಷದಲ್ಲಿ, ಪ್ರತಿಯೊಬ್ಬ ವ್ಯಕ್ತಿಯನ್ನೂ ವರ್ಣಭೇದವಿಲ್ಲದೆ ಸ್ವತಂತ್ರನೆಂದೇ ಭಾವಿಸತಕ್ಕದ್ದೆಂದೂ, ಸ್ವತಂತ್ರ ವ್ಯಕ್ತಿಯ ಮಾರಾಟ ಅಸಿಂಧುವೆಂದೂ ಮುಖ್ಯ ನ್ಯಾಯಸ್ಥಾನವು ತೀರ್ಪಿತ್ತಿತು. ಆರು ವರ್ಷಗಳ ತರುವಾಯ, ೧೮೪೭ರಲ್ಲಿ, ಕೋಲ್ಸ್ ಜಿಲ್ಲೆಯಲ್ಲಿ ರಾಬರ್ಟ್ ಮ್ಯಾಟ್ಸನ್ ಎಂಬ ಕೆಂಟಕಿಯ ಜಮೀನುದಾರನು ಜೇನ್ ಬ್ರಯಂಟ್ ಎಂಬಾಕೆಯನ್ನೂ ಅವಳ ಮಕ್ಕಳನ್ನೂ ತನ್ನ ಸ್ವತ್ತೆಂದು ಮರಳಿ ಪಡೆಯಲು ಯತ್ನಿಸಿದಾಗ, ಅವನ ಪರವಾಗಿ ನಿಂತ ವಕೀಲರಲ್ಲಿ ಅದೇ ಲಿಂಕನ್ನನು ಒಬ್ಬ. ಅವನ ಪಕ್ಷವು ಸೋತಿತು. ತಾಯಿ ಮಕ್ಕಳು ಬಿಡುಗಡೆಯಾದರು. ಕಕ್ಷಿಗಾರನಾರೇ ಆಗಲಿ ಅವನ ಪರವಾಗಿ ವಾದಿಸುವುದೇ ವಕೀಲನ ಧರ್ಮವೆಂದು ಕೆಲವರು ಸಮಾಧಾನ ಹೇಳುತ್ತಾರೆ. ಆ ಸಮಾಧಾನವು ಆ ಕಾಲದ ವೃತ್ತಿಯ ರೀತಿಯನ್ನು ತಿಳಿಸುತ್ತದೆಯೇ ಹೊರತು, ಜೇನ್ ಬ್ರಯಂಟಳ ದೃಷ್ಟಿಯಿಂದ ನೋಡಿದರೆ ಸಾಲದು.

ಮೂರನೆಯವನು ವಿಲಿಯಂ ಹೆನ್ರಿ ಹರ್ನ್‌ಡನ್ನನು. ಅವನ ವಿಷಯವಾಗಿಯೇ ಹೆಚ್ಚಿನ ವಾದವಿವಾದಗಳೆದ್ದಿರುವುದರಿಂದ ಇಲ್ಲಿ ಸ್ವಲ್ಪ ನಿಲ್ಲಬೇಕು. ೧೮೧೮ರಲ್ಲಿ ಹುಟ್ಟಿದ ಇವನು ಜ್ಯಾಕ್ಸನ್‌ವಿಲ್ಲಿನ ಇಲಿನಾಯ್ ಕಾಲೇಜಿನಲ್ಲಿ ಒಂದು ವರ್ಷ ಓದಿ, ಜಾಷುವ ಸ್ಪೀಡನ ಅಂಗಡಿಯಲ್ಲಿ ಗುಮಾಸ್ತನಾಗಿದ್ದು, ಲೋಗನ್ ಮತ್ತು ಲಿಂಕನ್ನರ ಕಛೇರಿಯಲ್ಲಿಯೇ ನ್ಯಾಯಶಾಸ್ತ್ರ ಕಲಿತವನು. ೧೮೪೪ರ ಡಿಸೆಂಬರಿನಲ್ಲಿ ಅವನಿಗೆ ಸನ್ನದು ದೊರೆಯಿತು. ಒಡನೆಯೇ ಲಿಂಕನ್ನನು, ಊರಿನ ಹೆಸರಾಂತ ವಕೀಲರನ್ನೆಲ್ಲ ಬಿಟ್ಟು, ತನಗಿಂತ ಒಂಬತ್ತು ವರ್ಷ ಕಿರಿಯನಾದ ಈತನನ್ನು ಪಾಲುಗಾರನನ್ನಾಗಿ ಆರಿಸಿಕೊಂಡನು. ಲಿಂಕನ್ನನು ಅವನನ್ನು 'ಬಿಲ್ಲಿ' ಎಂದು ಕರೆಯುತ್ತಿದ್ದನು. ಹರ್ನ್‌ಡನ್ನನಿಗೆ ಅವನು ಕಡೆಯವರೆಗೂ 'ಮಿಸ್ಟರ್ ಲಿಂಕನ್'. ಬಂದ ಶುಲ್ಕದಲ್ಲಿ ಮಾತ್ರ ಇಬ್ಬರಿಗೂ ಸಮಪಾಲು. ಇಲಿನಾಯ್ ಸೆಂಟ್ರಲ್ ರೈಲ್ವೆಗೂ ಮೆಕ್ಲೀನ್ ಜಿಲ್ಲೆಗೂ ತೆರಿಗೆಯ ಬಗೆಗೆ ನಡೆದ ವ್ಯಾಜ್ಯವನ್ನು ೧೮೫೬ರಲ್ಲಿ ಗೆದ್ದುಕೊಟ್ಟ ಮೇಲೆ, ಕಂಪೆನಿಯು ೫,೦೦೦ ಡಾಲರುಗಳ ಶುಲ್ಕವನ್ನು ಕೊಡಲು ಹಿಂಜರಿದುದರಿಂದ ಲಿಂಕನ್ನನು ತನ್ನ ಕಕ್ಷಿಗಾರನ ಮೇಲೆಯೇ ದಾವೆ ಹೂಡಿ ೧೮೫೭ರಲ್ಲಿ ಹಣವನ್ನು ವಸೂಲುಮಾಡಿದನಷ್ಟೆ. ಆ ಮೊತ್ತದಲ್ಲಿಯೂ ಅರ್ಧವು ಹರ್ನ್‌ಡನ್ನನಿಗೆ ಸಂದಿತು.

ಕಛೇರಿಯ ಅವ್ಯವಸ್ಥೆ ಪ್ರಸಿದ್ಧವಾದುದು. ಕಾಗದಗಳು ಲಿಂಕನ್ನನ ಟೋಪಿಯೊಳಗೆ ಇರುತ್ತಿದ್ದುವು. ಎಲ್ಲಿಯೂ ಸಿಕ್ಕದಿದ್ದರೆ ಇದರಲ್ಲಿ ಹುಡುಕತಕ್ಕದ್ದೆಂದು ಮೇಲೆ ಬರೆದ ಒಂದು ಕಟ್ಟೂ ಇದ್ದಿತು. ಎಂಟನೆಯ ಸಂಚಾರಿ ಮಂಡಲದ ನ್ಯಾಯಾಲಯವು ವಸಂತದಲ್ಲಿಯೂ ಶರತ್ಕಾಲದಲ್ಲಿಯೂ ಜಿಲ್ಲೆಯಿಂದ ಜಿಲ್ಲೆಗೆ ಹೋಗುತ್ತಿದ್ದಾಗ ಲಿಂಕನ್ನನು ನ್ಯಾಯಾಧೀಶ ಡೇವಿಡ್ ಡೇವಿಸನೊಡನೆ ವಾರಗಟ್ಟಳೆ ಊರೂರು ತಿರುಗುತ್ತಿದ್ದನು. ಆಗ ಸ್ಪ್ರಿಂಗ್‌ಫೀಲ್ಡಿನ ಕೆಲಸವನ್ನು ನೋಡಿಕೊಳ್ಳುತ್ತಿದ್ದವನು ಹರ್ನ್‌ಡನ್ನನು. ಪೂರ್ವತೀರದ ಪತ್ರಿಕೆಗಳನ್ನೂ ಹೊಸ ಗ್ರಂಥಗಳನ್ನೂ ತರಿಸಿ ಕಛೇರಿಯಲ್ಲಿ ಇಡುತ್ತಿದ್ದವನೂ ಅವನೇ. ಬಾಸ್ಟನ್ನಿನ ದಾಸ್ಯವಿರೋಧಿ ಧರ್ಮೋಪದೇಶಕ ಥಿಯೊಡರ್ ಪಾರ್ಕರನೊಡನೆ ಅವನ ಪತ್ರವ್ಯವಹಾರ ನಡೆದಿದ್ದಿತು. ೧೮೫೪ರಲ್ಲಿ ನಗರದ ಪುರಾಧ್ಯಕ್ಷನಾಗಿಯೂ ಚುನಾಯಿತನಾದನು. ಬರಿಯ ಗುಮಾಸ್ತೆಯಂತೆ ಅವನನ್ನು ಚಿತ್ರಿಸುವುದು ಅನ್ಯಾಯ. ೧೮೬೧ರ ಫೆಬ್ರವರಿ ೧೧ರಂದು ಲಿಂಕನ್ನನು ಸ್ಪ್ರಿಂಗ್‌ಫೀಲ್ಡನ್ನು ಬಿಡುವುದಕ್ಕೆ ಸ್ವಲ್ಪ ಮುಂಚೆ ಕಛೇರಿಗೆ ಬಂದು, ತಮ್ಮಿಬ್ಬರ ಹೆಸರುಗಳಿದ್ದ ಹಲಗೆಯನ್ನು ತೆಗೆಯಬೇಡವೆಂದೂ, ಬದುಕಿದ್ದರೆ ಹಿಂದಿರುಗಿ ಬಂದು ಏನೂ ನಡೆಯದಂತೆ ವಕೀಲಿಯನ್ನು ಮುಂದುವರಿಸೋಣವೆಂದೂ ಹೇಳಿದನೆಂಬುದು ಪ್ರಸಿದ್ಧವಾದ ವೃತ್ತಾಂತ. ಇದಕ್ಕೆ ಹರ್ನ್‌ಡನ್ನನ ಮಾತಲ್ಲದೆ ಬೇರೆ ಆಧಾರವಿಲ್ಲ. ಆದರೂ ಇದನ್ನು ಅಲ್ಲಗಳೆಯತಕ್ಕ ಸಾಕ್ಷ್ಯವೂ ಇಲ್ಲ, ಕೋಣೆಯಲ್ಲಿದ್ದವರು ಇಬ್ಬರೇ.

೧೮೬೫ರ ಏಪ್ರಿಲಿನಲ್ಲಿ ಲಿಂಕನ್ನನು ಹತನಾದನು. ಒಂದೆರಡು ತಿಂಗಳಲ್ಲಿ ಹರ್ನ್‌ಡನ್ನನು ಹಿಡಿದ ಕೆಲಸವು ಇತಿಹಾಸಾಭ್ಯಾಸಿಗಳ ವಿಶೇಷ ಗಮನಕ್ಕೆ ಪಾತ್ರವಾಗಿದೆ. ಕೆಂಟಕಿ, ಇಂಡಿಯಾನ, ಇಲಿನಾಯ್ ಸಂಸ್ಥಾನಗಳಲ್ಲಿ ಲಿಂಕನ್ನನನ್ನು ಬಾಲ್ಯದಿಂದಲೂ ಕಂಡಿದ್ದ ಬಂಧುಗಳು, ನೆರೆಯವರು, ಅಂಗಡಿಕಾರರು, ವಕೀಲರು, ಹೀಗೆ ಇನ್ನೂರಕ್ಕೂ ಮಿಕ್ಕಿದ ಜನರಿಗೆ ಪತ್ರ ಬರೆದು, ಸಾಧ್ಯವಾದೆಡೆ ತಾನೇ ಹೋಗಿ ಕಂಡು, ಪ್ರಶ್ನೆ ಕೇಳಿ, ಉತ್ತರಗಳನ್ನು ಬರೆದುಕೊಂಡನು. ಲಿಂಕನ್ನನ ಮಲತಾಯಿಯ ಹೇಳಿಕೆಯು ಇಂದಿಗೆ ಉಳಿದಿರುವುದು ಇವನು ೧೮೬೫ರಲ್ಲಿ ಅವಳಿದ್ದೆಡೆಗೆ ಹೋದುದರಿಂದ. ಸಾಕ್ಷಿಗಳ ಹೇಳಿಕೆಗಳನ್ನು ಪಡೆಯುವ ವಕೀಲನ ಪದ್ಧತಿಯನ್ನು ಅವನು ಚರಿತ್ರೆಗೆ ತಂದನು. ಅಂದಿನ ಜೀವನಚರಿತ್ರೆಗಳು ಸಾಮಾನ್ಯವಾಗಿ ಸ್ತುತಿಗಳು. ಮಹಾಪುರುಷನ ಬಡತನವನ್ನಾಗಲಿ ವಿಷಣ್ಣತೆಯನ್ನಾಗಲಿ ಮತವಿಷಯದ ಸಂಶಯಗಳನ್ನಾಗಲಿ ಅವು ಮುಟ್ಟುತ್ತಿರಲಿಲ್ಲ. ಹರ್ನ್‌ಡನ್ನನು ಎಲ್ಲವನ್ನೂ ಕೇಳಿದನು.

ಆದರೆ ವಕೀಲನಲ್ಲಿ ಎರಡು ಸ್ವಭಾವಗಳುಂಟು. ಸಾಕ್ಷ್ಯವನ್ನು ಕೂಡಿಸುವುದು ಒಂದು. ಕೂಡಿಸಿದುದರಿಂದ ತನ್ನ ಪಕ್ಷವನ್ನು ಗೆಲ್ಲಿಸಹೊರಡುವುದು ಇನ್ನೊಂದು. ಹರ್ನ್‌ಡನ್ನನು ಎಡವಿದುದು ಎರಡನೆಯದರಲ್ಲಿ. ನ್ಯೂ ಸೇಲಮ್ಮಿನಲ್ಲಿ ೧೮೩೫ರಲ್ಲಿ ತೀರಿಕೊಂಡ ಆನ್ ರಟ್ಲೆಜ್ ಎಂಬ ತರುಣಿಯನ್ನು ಲಿಂಕನ್ನನು ಪ್ರೀತಿಸಿದ್ದನೆಂದು ಹಲವು ಸಾಕ್ಷಿಗಳು ಅವನಿಗೆ ಹೇಳಿದರು. ೧೮೬೬ರ ನವೆಂಬರಿನಲ್ಲಿ ಮಾಡಿದ ಭಾಷಣದಲ್ಲಿ ಅವನು ಅಷ್ಟಕ್ಕೇ ನಿಲ್ಲದೆ, ಲಿಂಕನ್ನನು ಅವಳನ್ನಲ್ಲದೆ ಮತ್ತಾರನ್ನೂ ಪ್ರೀತಿಸಲೇ ಇಲ್ಲವೆಂಬಷ್ಟು ದೂರ ಹೋದನು. ಲಿಂಕನ್ನನ ವಿಧವೆ ಮೇರಿ ಟಾಡಳು ಇನ್ನೂ ಬದುಕಿದ್ದಳು. ಈ ಮಾತಿಗೆ ಯಾವ ಸಾಕ್ಷಿಯೂ ಆಧಾರ ಕೊಟ್ಟಿರಲಿಲ್ಲ. ಇದರಿಂದ ಹರ್ನ್‌ಡನ್ನನಿಗೆ ಬಂದ ಅಪಕೀರ್ತಿಯು ಅವನ ಸಂಗ್ರಹಕ್ಕೂ ಅಂಟಿಕೊಂಡಿತು. ಹಣದ ಅಡಚಣೆಯಿಂದ ತನ್ನ ಸಂಗ್ರಹದ ಪ್ರತಿಗಳನ್ನು ವಾರ್ಡ್ ಹಿಲ್ ಲ್ಯಾಮನ್ನನಿಗೆ ಮಾರಿಕೊಂಡನು. ಲ್ಯಾಮನ್ನನ ಹೆಸರಿನಲ್ಲಿ ೧೮೭೨ರಲ್ಲಿ ಬಂದ ಪುಸ್ತಕವನ್ನು ಜನ ಬಯ್ದರು. ಕಡೆಗೆ ಜೆಸ್ಸಿ ವೈಕ್ ಎಂಬ ತರುಣನ ಸಹಾಯದಿಂದ ೧೮೮೯ರಲ್ಲಿ ಹರ್ನ್‌ಡನ್ನನ ಲಿಂಕನ್ ಚರಿತ್ರೆಯು ಮೂರು ಸಂಪುಟಗಳಲ್ಲಿ ಹೊರಬಂದಿತು. ಪ್ರಕಾಶಕರು ದಿವಾಳಿಯೆದ್ದರು. ವಕೀಲಿಯನ್ನು ಎಂದೋ ಬಿಟ್ಟು, ಊರ ಹೊರಗೆ ಬೇಸಾಯದಲ್ಲಿ ಕಷ್ಟಪಡುತ್ತ, ೧೮೯೧ರ ಮಾರ್ಚಿಯಲ್ಲಿ ಅವನು ಕಾಲವಶನಾದನು.

ಅದೇ ಸಮಯದಲ್ಲಿ, ೧೮೯೦ರಲ್ಲಿ, ಹತ್ತು ಸಂಪುಟಗಳ ಇನ್ನೊಂದು ಲಿಂಕನ್ ಚರಿತ್ರೆ ಪ್ರಕಟವಾಯಿತು. ಅದನ್ನು ಬರೆದವರು ಅಧ್ಯಕ್ಷನ ಕಾರ್ಯದರ್ಶಿಗಳಾಗಿದ್ದ ನಿಕೊಲೆ ಮತ್ತು ಜಾನ್ ಹೇ. ಈ ಎರಡು ಚರಿತ್ರೆಗಳೂ ಒಂದೇ ಬೀಡಿನ ಮಕ್ಕಳೆಂಬುದು ಸಾಮಾನ್ಯವಾಗಿ ಲಕ್ಷ್ಯಕ್ಕೆ ಬಂದಿಲ್ಲ. ಜಾನ್ ಹೇಯ ಚಿಕ್ಕಪ್ಪ ಮಿಲ್ಟನ್ ಹೇಯು ತಾರುಣ್ಯದಲ್ಲಿ ಸ್ಟೂಅರ್ಟ್ ಮತ್ತು ಲಿಂಕನ್ನರ ಕಛೇರಿಯಲ್ಲಿ ಓದಿ, ಮುಂದೆ ಲೋಗನ್ನನ ಪಾಲುಗಾರನಾಗಿ, ಅವನ ಮಗಳ ಕೈಹಿಡಿದವನು. ಲಿಂಕನ್ ಮತ್ತು ಹರ್ನ್‌ಡನ್ನರ ನೆರೆಯಲ್ಲಿದ್ದ ಮಿಲ್ಟನ್ನನ ಕಛೇರಿಯಲ್ಲಿ ನ್ಯಾಯಶಾಸ್ತ್ರವನ್ನೋದುತ್ತಿದ್ದಾಗಲೇ ಜಾನ್ ಹೇಗೆ ಲಿಂಕನ್ನನ ಸಮೀಪದ ಪರಿಚಯವಾದುದು. ಒಂದು ಚರಿತ್ರೆಗೆ ಲಿಂಕನ್ನನ ಮಗ ರಾಬರ್ಟನ ಕೃಪೆಯೂ ಅವನ ವಶದಲ್ಲಿದ್ದ ರಾಜ್ಯಪತ್ರಗಳೂ ಇದ್ದುವು. ಆ ಪತ್ರಗಳು ಬೇರೆಯವರಿಗೆ ತೆರೆದುದು ೧೯೪೭ರಲ್ಲಿ. ಇನ್ನೊಂದಕ್ಕೆ ಹಳ್ಳಿಗರ ನೆನಪುಗಳಿದ್ದುವು. ಮೊದಲನೆಯದು ಮಗನ ಮನಸ್ಸನ್ನು ನೋಯಿಸದಂತೆ ಬರೆದುದು; ಎರಡನೆಯದು ಯಾರ ಮನಸ್ಸನ್ನೂ ಲೆಕ್ಕಿಸದೆ ಬರೆದುದು. ಸಾಹಿತ್ಯದ ದೃಷ್ಟಿಯಿಂದ ನೋಡಿದರೆ ಇಂದು ಓದಿಸಿಕೊಂಡು ಹೋಗುವ ಗುಣವು ಎರಡನೆಯದರಲ್ಲಿಯೇ ಹೆಚ್ಚು.

ಮಿಲ್ಟನ್ ಹೇಯ ಮಗ, ಲೋಗನ್ನನ ದೌಹಿತ್ರ, ಲೋಗನ್ ಹೇ ಎಂಬಾತನು ಮುಂದೆ ಕ್ರಿಸ್ಟಫರ್ ಬ್ರೌನನ ಸಂಸ್ಥೆಯನ್ನು ಸೇರಿದನು. ಹೀಗೆ ಸ್ಟೂಅರ್ಟನ ಶಾಖೆಯೂ ಲೋಗನ್ನನ ಶಾಖೆಯೂ ಒಂದೇ ಹೆಸರಿನಲ್ಲಿ ಕೂಡಿಕೊಂಡುವು. ಹರ್ನ್‌ಡನ್ನನ ಶಾಖೆ ಮಾತ್ರ ಹೊರಗುಳಿಯಿತು. ಅವನ ಮುಂದಿನ ಪಾಲುಗಾರ ಚಾರ್ಲ್ಸ್ ಜೇನನು ನ್ಯಾಯಾಧೀಶನಾಗಿ ದೂರದ ಯೂಟಾ ಪ್ರದೇಶಕ್ಕೆ ಹೊರಟುಹೋದನು. ಆದರೆ ಹರ್ನ್‌ಡನ್ನನಿಗೆ ದೊರೆತ ನ್ಯಾಯವು ಈ ಲೋಗನ್ ಹೇಯ ಮೂಲಕವೇ ಬಂದುದು ಆಶ್ಚರ್ಯ. ಅಬ್ರಹಾಂ ಲಿಂಕನ್ ಸಂಘವು ೧೯೨೦ರ ದಶಕದಲ್ಲಿ ವರ್ಷಕ್ಕೊಮ್ಮೆ ಔತಣ ನಡೆಸುವುದನ್ನು ಬಿಟ್ಟು ಸಂಶೋಧನೆಗೆ ಕೈಹಾಕಿದುದು ಅಧ್ಯಕ್ಷನಾಗಿದ್ದ ಅವನ ಪ್ರೇರಣೆಯಿಂದ. ಅದರ ಕಾರ್ಯದರ್ಶಿಯಾಗಿ ನೇಮಕಗೊಂಡ ಪಾಲ್ ಆಂಗಲ್ ಎಂಬ ವಿದ್ವಾಂಸನು ೧೯೩೦ರಲ್ಲಿ ಹರ್ನ್‌ಡನ್ನನ ಚರಿತ್ರೆಯನ್ನು ಪರಿಷ್ಕರಿಸಿ ಮರಳಿ ಅಚ್ಚುಮಾಡಿಸಿದನು.

ಆಂಗಲನ ಹೆಸರು ಪ್ರಸಿದ್ಧವಾದುದು ಅದಕ್ಕೂ ಮುಂಚೆ ಒಂದು ಕೂಟಪತ್ರಗಳ ಪ್ರಕರಣದಲ್ಲಿ. ಲಿಂಕನ್ನನೂ ಆನ್ ರಟ್ಲೆಜಳೂ ಬರೆದುಕೊಂಡವೆಂಬ ಪ್ರೇಮಪತ್ರಗಳು ೧೯೨೮ರ ಡಿಸೆಂಬರಿನಿಂದ ಅಟ್ಲಾಂಟಿಕ್ ಮಾಸಪತ್ರಿಕೆಯಲ್ಲಿ ಪ್ರಕಟವಾಗತೊಡಗಿದುವು. ಕೂಟಶಾಸನಗಳ ಪರೀಕ್ಷೆಯನ್ನು ಬಲ್ಲವರಿಗೆ ಆಂಗಲನ ಖಂಡನೆಯು ಸಂತೋಷವನ್ನುಂಟುಮಾಡುವಂತಿದೆ. ಒಂದು ಪತ್ರದಲ್ಲಿ ಭೂಮಿಯ ನಲವತ್ತನೆಯ ಖಂಡದ ಪ್ರಸ್ತಾಪವಿದ್ದಿತು. ಅಮೆರಿಕದ ಸರ್ಕಾರೀ ಮೋಜಣಿಯಲ್ಲಿ ಒಂದೊಂದು ಚೌಕಕ್ಕೆ ೩೬ ಖಂಡಗಳೇ ಹೊರತು ಹೆಚ್ಚಿಲ್ಲ. ಸ್ವತಃ ಮೋಜಣಿದಾರನಾಗಿದ್ದ ಲಿಂಕನ್ನನು ಈ ತಪ್ಪನ್ನು ಮಾಡಲಾರನು. ಇನ್ನೊಂದರಲ್ಲಿ ಕ್ಯಾನ್ಸಸ್ ಸೀಮೆಗೆ ಹೋಗುವ ಮಾತಿದ್ದಿತು. ಆ ಸೀಮೆಯು ವಲಸೆಗಾರರಿಗೆ ತೆರೆದುದು ೧೮೫೪ರಲ್ಲಿ, ಪತ್ರದ ಕಾಲವೋ ಅದಕ್ಕೆ ಇಪ್ಪತ್ತು ವರ್ಷ ಹಿಂದಿನದು. ೧೯೨೯ರ ಏಪ್ರಿಲಿನಲ್ಲಿ ಅದೇ ಪತ್ರಿಕೆಯು ಈ ಖಂಡನೆಯನ್ನು ಅಚ್ಚುಮಾಡಬೇಕಾಯಿತು.

ಕೂಟಪತ್ರಗಳು ಬಯಲಾದುದರಿಂದ ಹರ್ನ್‌ಡನ್ನನ ಸಾಕ್ಷಿಗಳ ಮೇಲೂ ನೆರಳು ಬಿದ್ದಿತು. ೧೯೪೫ರಲ್ಲಿ ಜೇಮ್ಸ್ ರ‍್ಯಾಂಡಲನು ಮೂವತ್ತು ವರ್ಷಗಳ ಹಿಂದಿನ ನೆನಪುಗಳು ಪ್ರಮಾಣವಾಗಲಾರವೆಂದು ವಾದಿಸಿ ರಟ್ಲೆಜ್ ವೃತ್ತಾಂತವನ್ನು ಬಹುಮಟ್ಟಿಗೆ ತಳ್ಳಿಹಾಕಿದನು. ಒಂದು ತಲೆಮಾರಿನ ವಿದ್ವಾಂಸರು ಅದನ್ನೇ ಒಪ್ಪಿದರು. ೧೯೯೦ರಿಂದೀಚೆಗೆ ಜಾನ್ ಸೈಮನ್, ಡಗ್ಲಾಸ್ ವಿಲ್ಸನ್ ಮೊದಲಾದವರು ಮೂಲ ಹೇಳಿಕೆಗಳನ್ನು ಒಂದೊಂದಾಗಿ ಪರಿಶೀಲಿಸಿ, ಭಾಷಣದ ಅತಿರೇಕವನ್ನು ಬಿಟ್ಟರೆ ಸಾಕ್ಷಿಗಳಲ್ಲಿ ಬಹುಮಂದಿಯ ಮಾತು ಪರಸ್ಪರ ಹೊಂದಿಕೊಳ್ಳುವುದೆಂದು ತೋರಿಸಿದ್ದಾರೆ. ವಿಲ್ಸನ್ ಮತ್ತು ರಾಡ್ನಿ ಡೇವಿಸ್ ೧೯೯೮ರಲ್ಲಿ ಇಡೀ ಸಂಗ್ರಹವನ್ನು ಸಂಪಾದಿಸಿ ಪ್ರಕಟಿಸಿದ ಮೇಲೆ, ಹರ್ನ್‌ಡನ್ನನ ಮಾತನ್ನು ನಂಬದವರೂ ಅವನ ಸಂಗ್ರಹವನ್ನು ಬಿಟ್ಟು ಲಿಂಕನ್ನನ ಮೊದಲ ಮೂವತ್ತು ವರ್ಷಗಳನ್ನು ಬರೆಯಲಾರರೆಂಬುದು ಸ್ಪಷ್ಟವಾಗಿದೆ. ಸಾಕ್ಷ್ಯಸಂಗ್ರಾಹಕನಾಗಿ ಅವನಿಗೆ ಪೂರ್ಣಗೌರವ ಸಲ್ಲಬೇಕು, ವಾದಿಯಾಗಿ ಅಲ್ಲ.

ಲಿಂಕನ್ನನ ವಕೀಲಿಯ ದಾಖಲೆಗಳನ್ನೂ ಇಲಿನಾಯಿಯ ವಿದ್ವಾಂಸರು ಜಿಲ್ಲಾ ನ್ಯಾಯಾಲಯಗಳ ಉಗ್ರಾಣಗಳಿಂದ ಹುಡುಕಿ ತೆಗೆದು ೨೦೦೦ದಲ್ಲಿ ಪ್ರಕಟಿಸಿದ್ದಾರೆ. ೫,೦೦೦ಕ್ಕೂ ಮಿಕ್ಕಿದ ವ್ಯಾಜ್ಯಗಳು, ೯೦,೦೦೦ಕ್ಕೂ ಮಿಕ್ಕಿದ ಕಾಗದಗಳು. ಅವುಗಳಲ್ಲಿ ದೊಡ್ಡ ಪಾಲು ಸಾಲವಸೂಲಿಯ ದಾವೆಗಳೇ. ಪಾಲುಗಾರಿಕೆಯ ವಾದಪತ್ರಗಳನ್ನು ಒಬ್ಬನೇ ಬರೆದರೂ ಕೊನೆಗೆ ಇಬ್ಬರ ಹೆಸರನ್ನೂ ಹಾಕುವುದು ವಾಡಿಕೆಯಾಗಿದ್ದಿತು. ಈ ಕಾಗದಗಳನ್ನು ತೆರೆದಾಗ ಅನೇಕ ಕಡೆ ಅಡಿಯಲ್ಲಿ ಒಂದು ಚಚ್ಚೌಕದ ತೂತು ಕಂಡುಬಂದಿತು. ಲಿಂಕನ್ನನ ಹಸ್ತಾಕ್ಷರಕ್ಕಾಗಿ ಆಸೆಪಟ್ಟವರು ಹಿಂದೆಯೇ ಅದನ್ನು ಕತ್ತರಿಸಿ ಒಯ್ದಿದ್ದರು. ಆ ಚೂರಿನಲ್ಲಿ ಕೆಲವೆಡೆ ಸ್ಟೂಅರ್ಟನ, ಕೆಲವೆಡೆ ಲೋಗನ್ನನ, ಕೆಲವೆಡೆ ಹರ್ನ್‌ಡನ್ನನ ಹೆಸರೂ ಹೋಗಿದ್ದಿತು. ಮೇಲಿನ ವಾದಪತ್ರದ ಒಕ್ಕಣೆ ಹಾಗೆಯೇ ಉಳಿದಿದೆ.